ಹೂವು ‘ಹೂಮ’ ಆಗುವ ದಿನಗಳು: ಸಕಲೇಶಪುರದ ಕಡೆ ಒಂದನೇ ತರಗತಿಯ ಒಂದು ವರ್ಷ

ಏಪ್ರಿಲ್ ಎರಡನೇ ವಾರ ಫಲಿತಾಂಶ ಓದಿ, ಪ್ರಗತಿ ಪತ್ರ ಕೈಗೆ ಕೊಟ್ಟು, ನಲಿ-ಕಲಿ (ಚಿಕ್ಕ ತರಗತಿಯ ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ) ಕೋಣೆಗೆ ಬೀಗ ಹಾಕಿದ್ದಾಯಿತು. ಮೊದಲ ಸಲ ಒಂದನೇ ತರಗತಿ ವಹಿಸಿಕೊಳ್ಳುವವರಿಗೆ, ಅದರಲ್ಲೂ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ಸಣ್ಣ ಶಾಲೆಗೆ ಹೊಸದಾಗಿ ಬರುವವರಿಗೆ, ಈ ವರ್ಷ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ. ನಮ್ಮದು ಇಬ್ಬರು ಶಿಕ್ಷಕರ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರನೇ ತರಗತಿವರೆಗೆ ಒಂದೇ ಕೋಣೆ, ಒಟ್ಟು 24 ಮಕ್ಕಳು. ಒಂದನೇ ತರಗತಿಗೆ ಒಂಬತ್ತು ಜನ.

ಶಾಲೆ ಶುರುವಾದದ್ದು ಮೇ 29ಕ್ಕೆ. ಮೊದಲ ವಾರ ಪಾಠ ಆಗುತ್ತದೆ ಎಂದು ಲೆಕ್ಕ ಹಾಕಬೇಡಿ, ಅದು ದಾಖಲೆಗಳ ವಾರ. ಜನನ ಪ್ರಮಾಣ ಪತ್ರ, ಮಗುವಿನ ಮತ್ತು ತಂದೆತಾಯಿಯ ಆಧಾರ್, ಜಾತಿ-ಆದಾಯ ಪ್ರಮಾಣ ಪತ್ರ, ರೇಷನ್ ಕಾರ್ಡ್, ಫೋಟೋ ಇಷ್ಟು ಕೇಳುತ್ತೇವೆ. ಇವುಗಳಲ್ಲಿ ಹೆಚ್ಚು ತೊಡಕು ಕೊಡುವುದು ಜನನ ಪ್ರಮಾಣ ಪತ್ರ. ಆಸ್ಪತ್ರೆಯಲ್ಲಿ ಹುಟ್ಟಿದ ದಿನ ಮಗುವಿಗೆ ಇನ್ನೂ ಹೆಸರಿಟ್ಟಿರುವುದಿಲ್ಲ. ಹಾಗಾಗಿ ಪತ್ರದಲ್ಲಿ ಹೆಸರಿನ ಜಾಗ ಖಾಲಿಯೇ ಉಳಿದಿರುತ್ತದೆ, ಆರು ವರ್ಷ ಅದನ್ನು ಯಾರೂ ತೆಗೆದು ನೋಡಿರುವುದಿಲ್ಲ. ಜನನ ನೋಂದಣಿಯಾಗಿ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೂ ತಡ ಶುಲ್ಕ ಕಟ್ಟಿ ಸೇರಿಸಬಹುದು. ಈ ವರ್ಷ ನಮ್ಮಲ್ಲಿ ಇಂಥವರು ಇಬ್ಬರು ಇದ್ದರು. ಒಬ್ಬ ತಾಯಿ ಮೂರು ದಿನ ತೋಟದ ಕೂಲಿ ಬಿಟ್ಟು ಓಡಾಡಬೇಕಾಯಿತು. ಶುಲ್ಕದ ದುಡ್ಡಿಗಿಂತ ಆ ಮೂರು ದಿನದ ಕೂಲಿಯೇ ಆಕೆಗೆ ಭಾರವಾದ ಖರ್ಚು. ಆದ್ದರಿಂದ ಏಪ್ರಿಲ್‌ನಲ್ಲೇ ಅಂಗನವಾಡಿಗೆ ಹೋಗಿ, ಮುಂದಿನ ವರ್ಷ ಬರುವ ಮಕ್ಕಳ ಪತ್ರ ತೆಗೆಸಿ ನೋಡಿಬಿಡಿ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ವಯಸ್ಸಿನ ದಾಖಲೆ ಇಲ್ಲ ಎಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಮಗು ತರಗತಿಯಲ್ಲಿ ಕೂತಿರಲಿ, ಕಾಗದ ಹಿಂದಿನಿಂದ ಬರಲಿ. ಆಧಾರ್ ಮತ್ತು ಜನನ ಪತ್ರದಲ್ಲಿ ಹೆಸರು ಒಂದೊಂದು ಥರ ಇದ್ದರೆ ಮಾತ್ರ, ಮಕ್ಕಳ ದಾಖಲೆ ಇಡುವ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ನಮೂದಿಸುವ ಮೊದಲೇ ಸರಿ ಮಾಡಿಸಿ. ಅಲ್ಲಿ ಒಮ್ಮೆ ಕೂತ ತಪ್ಪಕ್ಷರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯವರೆಗೂ ಬೆನ್ನು ಬಿಡುವುದಿಲ್ಲ. ಐದು ವರ್ಷ ತುಂಬಿದ ಮಗುವಿನ ಆಧಾರ್‌ಗೆ ಬೆರಳಚ್ಚು ಕೊಡಿಸುವುದೂ ಕಡ್ಡಾಯ. ಐದರಿಂದ ಏಳು ವರ್ಷದೊಳಗೆ ಅದಕ್ಕೆ ಶುಲ್ಕವಿಲ್ಲ.

2025–26ನೇ ಸಾಲಿಗೆ ಮಾತ್ರ ಎಂದು ಸರ್ಕಾರ ಒಂದನೇ ತರಗತಿ ಸೇರುವ ವಯಸ್ಸನ್ನು ಆರು ವರ್ಷದಿಂದ 5 ವರ್ಷ 5 ತಿಂಗಳಿಗೆ ಇಳಿಸಿತ್ತು. ಕಾಗದದಲ್ಲಿ ಏಳು ತಿಂಗಳ ವ್ಯತ್ಯಾಸ ಅಷ್ಟೇ. ತರಗತಿಯಲ್ಲಿ ಅದು ಕಂಡದ್ದು ಬೆರಳುಗಳಲ್ಲಿ. ಐದೂವರೆ ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಮಣಿಕಟ್ಟು ತಿರುಗುವುದಿಲ್ಲ, ಇಡೀ ತೋಳಿನಿಂದ ಗೀಚುತ್ತದೆ. ಪಕ್ಕದಲ್ಲಿ ಕೂತ ಆರೂವರೆ ವರ್ಷದವನು ಆಗಲೇ ಸೊನ್ನೆ ಸುತ್ತುತ್ತಿರುತ್ತಾನೆ. ಇಬ್ಬರಿಗೂ ಒಂದೇ ದಿನ ಒಂದೇ ಅಕ್ಷರ ಬರೆಸಲು ಹೊರಟರೆ ಚಿಕ್ಕದು ಅಳುತ್ತದೆ, ದೊಡ್ಡದು ಗಲಾಟೆ ಮಾಡುತ್ತದೆ.

ಮೊದಲ ಹನ್ನೆರಡು ವಾರ ವಿದ್ಯಾಪ್ರವೇಶ, ಅಂದರೆ ಅಕ್ಷರಕ್ಕೆ ಮೊದಲಿನ ಸಿದ್ಧತೆ. ಹಾಡು, ಕಥೆ, ಆಟ, ವಿಂಗಡಿಸುವುದು, ಗೆರೆ ಎಳೆಯುವುದು. ಪೋಷಕರ ಒತ್ತಾಯ ಶುರುವಾಗುವುದೂ ಇದೇ ಹೊತ್ತಿಗೆ. ಪಕ್ಕದ ಊರಿನ ಕಾನ್ವೆಂಟಿಗೆ ಹೋಗುವ ಮಗು ಆಗಲೇ ಎಬಿಸಿಡಿ ಬರೆಯುತ್ತದೆ.

“ಮೇಡಂ, ಒಂದು ತಿಂಗಳಾಯ್ತು, ಇನ್ನೂ ಒಂದಕ್ಷರ ಬರೆಸಿಲ್ವಲ್ಲ?”

“ಬರೆಸ್ತೀನಣ್ಣ, ಕೈ ಒಂಚೂರು ಗಟ್ಟಿ ಆಗ್ಲಿ. ಅಲ್ಲೀಗಂಟ ಮನೇಲಿ ಅವರೆಕಾಯಿ ಸುಲಿಯಕ್ಕೆ ಕೂರಿಸ್ಕೊಳ್ಳಿ.”

ಇದನ್ನು ಸುಮ್ಮನೆ ಸಮಾಧಾನಕ್ಕೆ ಹೇಳಿದ್ದಲ್ಲ. ಅವರೆ ಸುಲಿಯುವುದು, ಜೇಡಿಮಣ್ಣು ನಾದುವುದು, ಹೂವು ಪೋಣಿಸುವುದು, ಒದ್ದೆ ಬಟ್ಟೆ ಹಿಂಡುವುದು, ಹಳೆ ಪೇಪರನ್ನು ಗೆರೆಯ ಮೇಲೆ ಹರಿಯುವುದು ಇವೆಲ್ಲ ಹೆಬ್ಬೆರಳು ಮತ್ತು ತೋರುಬೆರಳಿಗೆ ಬಲ ಕೊಡುತ್ತವೆ. ಕನ್ನಡ ಲಿಪಿ ಪೂರ್ತಿ ದುಂಡಗಿನದು, ನೆಟ್ಟಗಿನ ಗೆರೆ ಅದರಲ್ಲಿ ಸಿಗುವುದೇ ಕಷ್ಟ. ಮಣಿಕಟ್ಟು ತಿರುಗದೆ ‘ಅ’ ಬರುವುದಿಲ್ಲ. ಈ ಮೂರು ತಿಂಗಳಲ್ಲಿ ಅವಸರಪಟ್ಟು ಬರೆಸಿದ ಮಕ್ಕಳ ಹಿಡಿತ ಸರಿಮಾಡಲು ಎರಡನೇ ತರಗತಿ ಮುಗಿಯುವವರೆಗೂ ಹೆಣಗಬೇಕಾಗುತ್ತದೆ. ಬಳಪವನ್ನು ಅರ್ಧ ಬೆರಳುದ್ದಕ್ಕೆ ಮುರಿದು ಕೊಡಿ. ಉದ್ದದ ಬಳಪವನ್ನಾದರೆ ಮುಷ್ಟಿಯಲ್ಲಿ ಹಿಡಿಯಬಹುದು, ತುಂಡನ್ನು ಬೆರಳ ತುದಿಯಲ್ಲೇ ಹಿಡಿಯಬೇಕು.

ಮರಳು ತಟ್ಟೆ ಮಾಡುವವರಿಗೆ ಒಂದು ಸೂಚನೆ. ಜೂನ್-ಜುಲೈ ಮಳೆಯಲ್ಲಿ ಮರಳು ಒದ್ದೆಯಾಗಿ ಬೆರಳಿಗೆ ಅಂಟುತ್ತದೆ, ಗೆರೆ ನಿಲ್ಲುವುದಿಲ್ಲ. ಸಣ್ಣ ಜರಡಿಯಲ್ಲಿ ಜರಡಿ ಹಿಡಿದು, ಬಿಸಿಯೂಟದ ಅಡುಗೆಯವರ ಹತ್ತಿರ ಬಾಣಲೆಯಲ್ಲಿ ಹುರಿಸಿ, ಪೂರ್ತಿ ಆರಿದ ಮೇಲೆ ಮುಚ್ಚಳದ ಡಬ್ಬಿಗೆ ತುಂಬಿಸಿಡಿ. ಒಂದು ಊಟದ ತಟ್ಟೆಗೆ ಅರ್ಧ ಅಂಗುಲ ದಪ್ಪ ಸಾಕು.

ಮಳೆ ನಮ್ಮ ಕಡೆ ಪಾಠಕ್ಕಿಂತ ಮೊದಲು ಕಾರ್ಡುಗಳ ಮೇಲೆ ಕೈಯಿಡುತ್ತದೆ. ನಲಿ-ಕಲಿ ನಿಂತಿರುವುದೇ ಕಾರ್ಡಿನ ಮೇಲೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಗೆ ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳ ಕೆಲಸ ಮಾದರಿ. ಮಗು ಗೋಡೆಯ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ನೋಡಿ, ಅಲ್ಲಿರುವ ಚಿತ್ರ ಗುರುತು ಹಿಡಿದು, ಅದೇ ಗುರುತಿನ ಕಾರ್ಡು ತಾನೇ ತೆಗೆದುಕೊಂಡು, ಅದಕ್ಕೆ ಸೇರಿದ ತಟ್ಟೆಗೆ ಹೋಗಿ ಕೂರುತ್ತದೆ. ತಟ್ಟೆ ಎಂದರೆ ಗುಂಪು. ಒಟ್ಟು ಐದು: ಪೂರ್ಣ ಶಿಕ್ಷಕರ ಸಹಾಯದ್ದು, ಭಾಗಶಃ ಶಿಕ್ಷಕರ ಸಹಾಯದ್ದು, ಪೂರ್ಣ ಗೆಳೆಯರ ಸಹಾಯದ್ದು, ಭಾಗಶಃ ಗೆಳೆಯರದ್ದು, ಕೊನೆಗೆ ಸ್ವಂತ ಕಲಿಕೆಯದ್ದು. ಒಂದು ಕಾರ್ಡು ಬೂಷ್ಟು ಹಿಡಿದು ಹಾಳಾದರೆ ಏಣಿಯಲ್ಲಿ ಒಂದು ಮೆಟ್ಟಿಲೇ ಮುರಿದ ಹಾಗೆ. ಮಗು ಆ ಗುರುತಿನ ಕಾರ್ಡು ಹುಡುಕಿ, ಸಿಗದೆ, ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಕೂರುತ್ತದೆ. ಮೂರು ದಿನ ಕಳೆದ ಮೇಲೆ ನಮಗೆ ಗೊತ್ತಾಗುತ್ತದೆ.

ಮೂವತ್ತರೊಳಗೆ ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಿಂದ ಬರುವ ಅನುದಾನ ವರ್ಷಕ್ಕೆ 10,000 ರೂಪಾಯಿ. ಸುಣ್ಣಬಣ್ಣ, ಬಲ್ಬು, ಸೀಮೆಸುಣ್ಣ, ಪೊರಕೆ ಎಲ್ಲ ಅದರಲ್ಲೇ ಆಗಬೇಕು. ಹೆಚ್ಚು ಬಳಕೆಯಾಗುವ ಮೊದಲ ಮೈಲಿಗಲ್ಲುಗಳ (ಏಣಿಯ ಹಂತಗಳ) ಕಾರ್ಡುಗಳಿಗಷ್ಟೇ ಲ್ಯಾಮಿನೇಶನ್ ಮಾಡಿಸಿದೆವು. ಉಳಿದವನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು, ಬಿಸಿಲು ಬಿದ್ದ ದಿನ ಜಗಲಿಯಲ್ಲಿ ಹರವಿದೆವು. ಲ್ಯಾಮಿನೇಶನ್ ಮಾಡಿಸುವಾಗ ಮೂಲೆಗಳನ್ನು ದುಂಡಗೆ ಕತ್ತರಿಸಲು ಮರೆಯಬೇಡಿ. ಚೂಪು ಮೂಲೆ ಪುಟ್ಟ ಕೈಗಳನ್ನು ಗೀರುತ್ತದೆ.

ಆಗಸ್ಟ್ ಕೊನೆಯ ಹೊತ್ತಿಗೆ ಅಕ್ಷರ ಶುರು. ಮೊದಲ ಗುಂಪು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಅ ಆ ಇ ಈ ಅಲ್ಲವೇ ಮೊದಲು ಎಂದು ಅಜ್ಜಿಯರು ಕೇಳುತ್ತಾರೆ. ಅ ಆ ಇ ಈ ಕಲಿತ ಮಗುವಿಗೆ ಕೂಡಿಸಿ ಓದಲು ಒಂದು ಪದವೂ ಸಿಗುವುದಿಲ್ಲ. ರ ಗ ಸ ದ ಅ ಕಲಿತರೆ ಸರ, ಅರಸ, ಅಗಸ, ಗರಗಸ ಎಲ್ಲ ಸಿಗುತ್ತವೆ. ಐದೇ ಅಕ್ಷರಕ್ಕೆ ‘ಗರಗಸ’ ಓದಿದ ಮಗುವಿನ ಮುಖ ನೋಡಿದರೆ ಯಾವ ಅಜ್ಜಿಗೂ ವಿವರಿಸಬೇಕಿಲ್ಲ. ಎರಡನೇ ಗುಂಪು ಮುಗಿಯುವ ಹೊತ್ತಿಗೆ ಮರ, ಜನ, ದನ, ಗಜ, ಬಸವ ಬಂದಿರುತ್ತವೆ.

ಇದು ನೀರು ಹರಿದ ಹಾಗೆ ಹೋಗುತ್ತದೆ, ನಾವು ಮೋಸ ಹೋಗುವುದೂ ಇಲ್ಲಿಯೇ. ಮಗುವಿಗೆ ಓದು ಬಂತು ಎಂದುಕೊಳ್ಳುತ್ತೇವೆ. ಬಂದಿರುವುದಿಲ್ಲ. ಅಕ್ಷರದ ಹೆಸರುಗಳನ್ನು ಒಂದರ ಪಕ್ಕ ಒಂದು ಹೇಳಿದರೆ ಸಾಕು, ಪದ ತಾನಾಗಿ ಆಗುತ್ತದೆ. ನಿಜವಾದ ಓದು ಶುರುವಾಗುವುದು ಕಾಗುಣಿತದಲ್ಲಿ. ಅಷ್ಟು ಹೊತ್ತಿಗೆ ಸರಿಯಾಗಿ ದಸರಾ ರಜೆ ಬಂತು. ಈ ವರ್ಷ ರಾಜ್ಯದ ಜಾತಿ ಸಮೀಕ್ಷೆಗಾಗಿ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು, ಹಿಂದೆಯೇ ದೀಪಾವಳಿ. ಸೆಪ್ಟೆಂಬರ್ 20ಕ್ಕೆ ಬಿಟ್ಟ ಮಕ್ಕಳು ತಿಂಗಳು ಕಳೆದು ಬಂದಾಗ ಒಂಬತ್ತರಲ್ಲಿ ಆರು ಜನಕ್ಕೆ ‘ಜ’ ಮತ್ತು ‘ಬ’ ಮರೆತಿತ್ತು. ದೀರ್ಘ ರಜೆಗೆ ಮೊದಲು ಹತ್ತು ಅಕ್ಷರದ ಪುಟ್ಟ ಚೀಟಿಗಳನ್ನು ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಮನೆಗೆ ಕಳಿಸಿ. ನಾವು ಕಳಿಸಿರಲಿಲ್ಲ. ಅದರಿಂದ ಎರಡು ವಾರ ಹಿಂದಕ್ಕೆ ಹೋಗಬೇಕಾಯಿತು.

ಕಾಗುಣಿತವನ್ನು ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ಸಾಲಾಗಿ ಹಾಡಿಸುವುದು ಹಳೆಯ ರೂಢಿ. ಹಾಡು ಚೆನ್ನಾಗಿಯೇ ಬರುತ್ತದೆ. ಸಾಲಿನ ಮಧ್ಯದ ‘ಕೆ’ ಮೇಲೆ ಬೆರಳಿಟ್ಟು ಕೇಳಿ, ಮಗು ಮೊದಲಿನಿಂದ ಹಾಡಿಕೊಂಡು ಬಂದು ಅಲ್ಲಿ ನಿಲ್ಲುತ್ತದೆ. ಓದುವಾಗ ಹಾಗೆ ಹಾಡಿಕೊಂಡು ಬರಲು ಹೊತ್ತೆಲ್ಲಿದೆ? ಅದಕ್ಕೆ ಅಡ್ಡ ಸಾಲು ಬಿಟ್ಟು ಉದ್ದ ಸಾಲು ಹಿಡಿದೆವು. ಒಂದೇ ಚಿಹ್ನೆ, ಗೊತ್ತಿರುವ ಎಲ್ಲ ಅಕ್ಷರಕ್ಕೂ: ರಾ, ಗಾ, ಸಾ, ದಾ, ಮಾ, ನಾ. ಇದಕ್ಕೆ ಎಂಟು ದಿನ. ಆಮೇಲೆ ಗುಡಿಸು: ರಿ, ಗಿ, ಸಿ, ದಿ. ಒಂದು ಚಿಹ್ನೆ ಗಟ್ಟಿಯಾದ ಮೇಲೇ ಇನ್ನೊಂದು.

ಇಲ್ಲಿ ಆಗುವ ತಪ್ಪುಗಳಿಗೆಲ್ಲ ಕಾರಣ ಇದೆ. ತಲೆಕಟ್ಟು ಇರುವ ಅಕ್ಷರಕ್ಕೆ ಇಳಿ, ಗುಡಿಸು, ಏತ್ವ ಬಂದರೆ ತಲೆಕಟ್ಟು ಹೋಗುತ್ತದೆ. ಕೊಂಬು ಬಂದರೆ ಹೋಗುವುದಿಲ್ಲ. ‘ರಿ’ಗೆ ತಲೆಕಟ್ಟಿಲ್ಲ, ‘ರು’ಗೆ ಇದೆ. ಇದನ್ನು ಹೇಳಿಕೊಡದಿದ್ದರೆ ಮಗು ತಲೆಕಟ್ಟನ್ನೂ ಹಾಕಿ ಅದರ ಮೇಲೆ ಗುಡಿಸನ್ನೂ ಹಾಕುತ್ತದೆ. ಬ, ಲ, ಜ, ಣಗಳಿಗೆ ಮೊದಲೇ ತಲೆಕಟ್ಟಿಲ್ಲ, ಅವುಗಳಲ್ಲಿ ಗೊಂದಲ ಬೇರೆ ಥರ. ನಾವು ರಟ್ಟಿನಲ್ಲಿ ಅಕ್ಷರದ ಒಡಲನ್ನು ಬೇರೆ, ತಲೆಕಟ್ಟನ್ನು ಬೇರೆ ಕತ್ತರಿಸಿಕೊಂಡೆವು. “ಟೋಪಿ ತೆಗಿ, ಗುಡಿಸು ಹಾಕು” ಎಂದರೆ ಮಕ್ಕಳೇ ತೆಗೆದು ಹಾಕುತ್ತಿದ್ದರು. ಒಂದು ಹಾಳೆ ದಪ್ಪ ರಟ್ಟು, ಅರ್ಧ ದಿನದ ಕೆಲಸ.

ಇನ್ನು ಹೂವು. ‘ವ’ಕ್ಕೆ ಕೊಂಬು ಕೊಟ್ಟರೆ ‘ವು’. ಅದರ ಬಾಲ ಅಕ್ಷರದ ಕೆಳಗೆ ಇಳಿಯುತ್ತದೆ. ‘ಮ’ದ ಬಾಲ ಪಕ್ಕದಲ್ಲೇ ಗೆರೆಯ ಮೇಲೆ ಸುತ್ತುತ್ತದೆ. ದೊಡ್ಡವರ ಕಣ್ಣಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ, ಏಕೆಂದರೆ ನಾವು ಪದ ಹಿಡಿದು ಓದುತ್ತೇವೆ. ಅಕ್ಷರ ಅಕ್ಷರ ನೋಡಿ ಓದುವ ಮಗು ‘ಹೂವು’ ನೋಡಿ ‘ಹೂಮ’ ಎನ್ನುತ್ತದೆ. ಅದನ್ನು ಬೈಯಬೇಡಿ. ಅದು ನೋಡಿದ್ದನ್ನೇ ಹೇಳುತ್ತಿದೆ. ಕಪ್ಪು ಹಲಗೆಯ ಮೇಲೆ ಎರಡನ್ನೂ ಅಂಗೈ ಅಗಲಕ್ಕೆ ಬರೆದು, ಕೆಳಗೆ ಒಂದು ಗೆರೆ ಎಳೆದು, ಯಾವ ಬಾಲ ಗೆರೆ ದಾಟಿ ಕೆಳಗಿಳಿಯಿತು ಎಂದು ಮಕ್ಕಳಿಂದಲೇ ಹೇಳಿಸಿದೆವು. ‘ಪು’ಗೂ ಇದೇ ಕಥೆ. ಪುಸ್ತಕದ ಮುದ್ರಣ ಸಣ್ಣದಾದಷ್ಟೂ ಈ ತಪ್ಪು ಹೆಚ್ಚು. ಓದಲು ಕೊಡುವ ಹಾಳೆಯ ಅಕ್ಷರ ದೊಡ್ಡದಿರಲಿ.

ದೀರ್ಘಕ್ಕೆ ಚಪ್ಪಾಳೆಯೇ ಮದ್ದು. ಕರು ಎಂದರೆ ಮೊದಲಕ್ಷರಕ್ಕೆ ಒಂದು ತಟ್ಟು, ಕಾರು ಎಂದರೆ ಎರಡು. ಬಳೆ, ಬಾಳೆ. ಬಿಡಿ, ಬೀಡಿ. ಕಿವಿಗೆ ಗೊತ್ತಾಗದ ದೀರ್ಘ ಕೈಯಿಂದ ಬರೆಯಲು ಬರುವುದಿಲ್ಲ.

ನಮ್ಮ ಕಡೆಯ ಮಕ್ಕಳ ಮನೆಮಾತಿನಲ್ಲಿ ಹಾಲು ‘ಆಲು’, ಹಸು ‘ಅಸ’, ಶಾಲೆ ‘ಸಾಲೆ’. ಬರೆಯುವಾಗಲೂ ಹಾಗೇ ಬರೆಯುತ್ತಾರೆ. ಕೇಳಿದ್ದನ್ನು ಅಕ್ಷರಕ್ಕೆ ಇಳಿಸುವುದು ಬಂದಿದೆ ಎಂಬುದಕ್ಕೆ ‘ಆಲು’ ಒಳ್ಳೆಯ ಗುರುತು. “ತಪ್ಪು” ಎಂದರೆ ಮಗುವಿಗೆ ತನ್ನ ಅಜ್ಜಿಯ ಮಾತೇ ತಪ್ಪು ಎಂದು ಕೇಳಿಸುತ್ತದೆ. “ಮನೇಲಿ ಆಲು, ಪುಸ್ತಕದಲ್ಲಿ ಹಾಲು” ಎಂದು ಎರಡನ್ನೂ ಬರೆದು ತೋರಿಸಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ ‘ಹ’ ಹೇಳಿಸಿದರೆ ಬಿಸಿ ಉಸಿರು ತಾಗುತ್ತದೆ, ‘ಅ’ಕ್ಕೆ ಅಷ್ಟು ತಾಗುವುದಿಲ್ಲ. ಬೆಳಗಿನ ಕ್ಷೀರಭಾಗ್ಯದ ಲೋಟ ಕೈಯಲ್ಲಿರುವಾಗ ಇದನ್ನು ಮಾಡಿಸಿದೆವು.

ಇನ್ನೊಂದು ವಿಚಿತ್ರ: ಮಗು ಮೊದಲು ಬರೆಯಲು ಬಯಸುವ ಪದಗಳೇ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ. ಎಲ್ಲದರಲ್ಲೂ ಒತ್ತಕ್ಷರ. ಕ್ರಮದ ಪ್ರಕಾರ ಒತ್ತು ಬರುವುದು ಎಷ್ಟೋ ತಿಂಗಳ ಮೇಲೆ. ಅಲ್ಲಿಯವರೆಗೆ ಕಾಯಿಸಬೇಡಿ. ಈ ಐದು ಪದವನ್ನೂ ಮಗುವಿನ ಹೆಸರನ್ನೂ ಚಿತ್ರದ ಹಾಗೆ ಇಡಿಯಾಗಿ ಗುರುತಿಸಲು ಜೂನ್‌ನಿಂದಲೇ ಬಿಡಿ. ನಮ್ಮಲ್ಲಿ ಹಾಜರಾತಿಯೇ ಹೆಸರಿನ ಚೀಟಿಯಲ್ಲಿ. ಬಂದ ಮಗು ತನ್ನ ಚೀಟಿ ಹುಡುಕಿ ಜೇಬಿನ ಪಟದಲ್ಲಿ ಸಿಕ್ಕಿಸಬೇಕು.

ಗಣಿತದಲ್ಲಿ ಒಂಬತ್ತರವರೆಗೆ ಹುಣಸೆಬೀಜ, ಒಣ ಕಾಫಿ ಹಣ್ಣು ಸಾಕು, ತೊಂದರೆ ಇಲ್ಲ. ಹತ್ತು ದಾಟಿದ ಮೇಲೆ ‘ಹತ್ತೊಂಬತ್ತು’ ಎಂದರೆ 109, ‘ಇಪ್ಪತ್ತಮೂರು’ ಎಂದರೆ 203 ಬರೆಯುತ್ತಾರೆ. ಕೇಳಿಸಿದ ಹಾಗೆ ಬರೆದದ್ದು ಅದೂ. ಪೊರಕೆ ಕಡ್ಡಿಯ ಹತ್ತರ ಕಟ್ಟುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಮಾಡಿಸಿ, ಎಡಕ್ಕೆ ಕಟ್ಟು, ಬಲಕ್ಕೆ ಬಿಡಿ ಇಡಿಸಿದ ಮೇಲೆ ಇದು ಬಿಟ್ಟಿತು. ಕಟ್ಟನ್ನು ಮಕ್ಕಳೇ ಕಟ್ಟಬೇಕು. ನಾವು ಕಟ್ಟಿಟ್ಟದ್ದನ್ನು ಕೊಟ್ಟರೆ ಅವರಿಗೆ ಅದು ಹತ್ತಾಗಿ ಕಾಣುವುದಿಲ್ಲ, ‘ಒಂದು’ ಆಗಿಯೇ ಕಾಣುತ್ತದೆ.

ನವೆಂಬರ್‌ನಿಂದ ಕಾಫಿ ಕೊಯ್ಲು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ, ಫೆಬ್ರುವರಿ ದಾಟುವವರೆಗೂ. ತೋಟದ ಕೂಲಿಗಾರರ ಲೈನ್ ಮನೆಯ ಮಕ್ಕಳು ತಮ್ಮ-ತಂಗಿಯರನ್ನು ನೋಡಿಕೊಳ್ಳಲು ತೋಟಕ್ಕೆ ಹೋಗುತ್ತಾರೆ, ವಾರಕ್ಕೆ ಎರಡು ದಿನ ಬಂದರೆ ಪುಣ್ಯ. ಆನೆ ಬಂದಿದೆ ಎಂಬ ಸುದ್ದಿ ಬಂದ ದಿನ ಯಾರೂ ಬರುವುದಿಲ್ಲ, ಬಂದವರನ್ನೂ ಮಧ್ಯಾಹ್ನವೇ ಕರೆದುಕೊಂಡು ಹೋಗುತ್ತಾರೆ. ಏಣಿಯ ಬೆಲೆ ಆಗ ತಿಳಿಯುತ್ತದೆ. ಹತ್ತು ದಿನ ಬಿಟ್ಟು ಬಂದ ಮಗು ಎಲ್ಲಿ ನಿಲ್ಲಿಸಿತ್ತೋ ಅಲ್ಲಿಂದಲೇ ಹತ್ತಬಹುದು. ಆದರೆ ಪ್ರಗತಿ ನೋಟದಲ್ಲಿ (ಪ್ರತಿ ಮಗು ಮುಗಿಸಿದ ಮೆಟ್ಟಿಲು ಗುರುತಿಸುವ ಪಟ್ಟಿಯಲ್ಲಿ) ಅಂದಂದೇ ಗುರುತು ಹಾಕಿದ್ದರೆ ಮಾತ್ರ. ವಾರಕ್ಕೊಮ್ಮೆ ನೆನಪಿನಿಂದ ತುಂಬಿಸಿದರೆ ಅದು ಬರಿ ಕಾಗದ. ಕಾರ್ಡು ಪೆಟ್ಟಿಗೆಗೆ ವಾಪಸ್ ಹೋಗುವ ಮೊದಲೇ ಗುರುತು ಬೀಳಬೇಕು.

ಕೊಯ್ಲಿಗೆ ಬಂದ ಅಸ್ಸಾಮಿನ ಕುಟುಂಬದ ಒಂದು ಮಗು ನವೆಂಬರ್‌ನಲ್ಲಿ ಸೇರಿತು. ಕನ್ನಡ ಒಂದು ಮಾತೂ ಇಲ್ಲ, ಕೈಯಲ್ಲಿ ಕಾಗದವೂ ಇಲ್ಲ. ಸುಮಾರು ಆರು ವಾರ ಬಾಯಿ ಬಿಡಲಿಲ್ಲ. ಇಂಥ ಮೌನವನ್ನು ದಡ್ಡತನ ಎಂದುಕೊಳ್ಳುವುದು ದೊಡ್ಡ ತಪ್ಪು. ಕೇಳಿಸಿಕೊಳ್ಳುವ ಕೆಲಸ ಒಳಗೆ ನಡೆದಿರುತ್ತದೆ. ಉತ್ತರ ಹೇಳಿಸದೆ, ತೋರಿಸಲು, ತಂದುಕೊಡಲು ಹೇಳಿದೆವು: ಲೋಟ ತಾ, ಕೆಂಪು ಬಳಪ ಕೊಡು. ಗೆಳೆಯರ ತಟ್ಟೆಯಲ್ಲಿ ಕೂರಿಸಿದ್ದೇ ಹೆಚ್ಚು ಉಪಯೋಗವಾಯಿತು. ಮೊದಲ ಕನ್ನಡ ಮಾತು ಬಂದದ್ದು ಬಿಸಿಯೂಟದ ಸಾಲಿನಲ್ಲಿ, “ಇನ್ನೊಂಚೂರು ಸಾರು”. ಮಾರ್ಚ್‌ನಲ್ಲಿ ಕುಟುಂಬ ಹೊರಟಿತು. ಹೋಗುವಾಗ ವ್ಯಾಸಂಗ ಪತ್ರದ ಜೊತೆ ಎಷ್ಟು ಅಕ್ಷರ, ಎಷ್ಟರವರೆಗೆ ಎಣಿಕೆ ಬಂದಿದೆ ಎಂದು ಅರ್ಧ ಪುಟ ಬರೆದು ಕೊಟ್ಟೆವು. ಹೀಗೆ ಹೊರಡುವವರು ಉತ್ತರ ಕರ್ನಾಟಕದ ಮಕ್ಕಳಾದರೆ ಸ್ಯಾಟ್ಸ್ ಸಂಖ್ಯೆಯನ್ನು ತಾಯಿಯ ಮೊಬೈಲಿನಲ್ಲಿ ಫೋಟೋ ತೆಗೆಸಿ ಕಳಿಸಿ. ಚೀಟಿ ದಾರಿಯಲ್ಲಿ ಕಳೆದುಹೋಗುತ್ತದೆ.

ಇಬ್ಬರೇ ಶಿಕ್ಷಕರ ಶಾಲೆಯಲ್ಲಿ ಒಬ್ಬರು ತರಬೇತಿಗೋ ಸಭೆಗೋ ಹೋದ ದಿನ ಐದು ತಟ್ಟೆಯೂ ಕುಸಿಯುತ್ತವೆ. ಅಂಥ ದಿನಕ್ಕೆಂದು ಒಂದು ಚೀಲ ಬೇರೆಯೇ ಇಟ್ಟುಕೊಳ್ಳಿ: ಜೋಡಿಸುವ ಚಿತ್ರ, ಪದ ಹುಡುಕುವ ಹಾಳೆ, ಚೌಕಾಬಾರದ ಕವಡೆ. ಮೂರನೇ ತರಗತಿಯ ಇಬ್ಬರಿಗೆ ಅದರ ಬಳಕೆ ಜೂನ್‌ನಲ್ಲೇ ಕಲಿಸಿದ್ದರೆ ದಿನ ದಾಟುತ್ತದೆ.

ಮಾರ್ಚ್ ಕೊನೆಗೆ, ಅಸ್ಸಾಮಿಗೆ ಹೊರಟ ಮಗುವನ್ನು ಬಿಟ್ಟು ಒಂಬತ್ತು ಮಕ್ಕಳಲ್ಲಿ ಐವರು ಗುಣಿತಾಕ್ಷರದ ಸಣ್ಣ ವಾಕ್ಯ ತಾವೇ ಓದುತ್ತಿದ್ದರು. ಇಬ್ಬರು ಸರಳ ಪದಗಳಲ್ಲಿದ್ದರು. ಇನ್ನಿಬ್ಬರು, ಕೊಯ್ಲಿನಲ್ಲಿ ಹೆಚ್ಚು ದಿನ ತಪ್ಪಿಸಿಕೊಂಡವರು, ಎರಡನೇ ಗುಂಪಿನ ಅಕ್ಷರಗಳಲ್ಲೇ ಇದ್ದಾರೆ. ಅವರು ಎರಡನೇ ತರಗತಿಗೆ ಹೋದರೂ ಏಣಿಯಲ್ಲಿ ಅಲ್ಲಿಂದಲೇ ಹತ್ತುತ್ತಾರೆ. ಪ್ರಗತಿ ಪತ್ರ ಕೊಡುವಾಗ ಪೋಷಕರಿಗೆ ಇದನ್ನು ಮುಚ್ಚಿಡದೆ ಹೇಳಿದೆವು, ಬೇಸಿಗೆ ರಜೆಗೆ ಬೆಂಕಿಪೆಟ್ಟಿಗೆಯ ಚೀಟಿಗಳನ್ನು ಈ ಸಲ ಮರೆಯದೆ ಕೊಟ್ಟೆವು.

ಕೊನೆಯ ದಿನ ಕೋಣೆಯಲ್ಲಿ ಮಕ್ಕಳ ಚಿತ್ರ ತೂಗುಹಾಕಿದ್ದ ಚಪ್ಪರದ ದಾರ ಬಿಚ್ಚಿ, ಆ ಚಿತ್ರಗಳನ್ನು ಅವರವರ ಕೈಗೆ ಕೊಟ್ಟು, ಕಾರ್ಡುಗಳನ್ನು ಮೈಲಿಗಲ್ಲಿನ ಪ್ರಕಾರ ಎಣಿಸಿ, ಒಣಗಿಸಿ, ಬೇವಿನ ಸೊಪ್ಪಿನ ಜೊತೆ ಪೆಟ್ಟಿಗೆಗೆ ತುಂಬಿದ್ದಾಯಿತು. ಹನ್ನೊಂದು ಕಾರ್ಡು ಕಡಿಮೆ ಇವೆ. ಯಾವುವು ಎಂದು ಪೆಟ್ಟಿಗೆಯ ಮುಚ್ಚಳದ ಒಳಗೆ ಪಟ್ಟಿ ಅಂಟಿಸಿದ್ದೇವೆ. ಮೇ ಕೊನೆಗೆ ಕೋಣೆ ತೆರೆಯುವವರು ಮೊದಲು ಆ ಕಾರ್ಡುಗಳನ್ನು ಹೊಸದಾಗಿ ಬರೆದುಕೊಳ್ಳಬೇಕು, ಆಮೇಲೆ ಮರಳು ಹುರಿಸಬೇಕು.